ದೊಡ್ಡಪ್ಪನ ಫಾರ್ವರ್ಡು, ಕೆರೆನ್ಸ್ಕಿಯ ವೇಷ

ದೊಡ್ಡಪ್ಪ: *ಫಾರ್ವರ್ಡ್ ಆಗಿದೆ* ರಷ್ಯಾದ ಪ್ರಧಾನಿ ಕೆರೆನ್ಸ್ಕಿ ಮೊದಲು ವಕೀಲ. ಬರೀ ಮಾತು! 1917ರಲ್ಲಿ ಲೆನಿನ್ ಕಡೆಯವರು ಬಂದಾಗ ನರ್ಸ್ ಬಟ್ಟೆ ಹಾಕಿಕೊಂಡು ಅರಮನೆಯಿಂದ ಓಡಿಹೋದ. ವಕೀಲರ ಕೈಗೆ ದೇಶ ಕೊಟ್ಟರೆ ಇಷ್ಟೇ. ಎಲ್ಲರಿಗೂ ಕಳಿಸಿ 🙏

ಲಾಯರ್ ಚಿಕ್ಕಪ್ಪ: ಅಣ್ಣಾ, ಬೆಳಗ್ಗೆ ಬೆಳಗ್ಗೆ ನನ್ನ ಕಾಲು ಎಳೆಯೋಕೆ ಇದೇ ಸಿಕ್ಕಿತಾ? ನರ್ಸ್ ಕಥೆ ಶುದ್ಧ ಸುಳ್ಳು. ನವೆಂಬರ್ 7ರ ಬೆಳಗ್ಗೆ ಕಾರಿನಲ್ಲಿ ಹೊರಟ. ಸೈನ್ಯ ಕರೆತರಲು ಹೋಗಿದ್ದು.

ದೊಡ್ಡಪ್ಪ: ಕರೆತಂದನಾ?

ಲಾಯರ್ ಚಿಕ್ಕಪ್ಪ: ಕೆಲವು ನೂರು ಕೊಸಾಕರು, ಅಂದರೆ ಕುದುರೆ ಸವಾರ ಸೈನಿಕರು, ಸಿಕ್ಕರು. ಸಾಲಲಿಲ್ಲ.

ಪುಟ್ಟಿ ಲಂಡನ್: ದೊಡ್ಡಪ್ಪ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ವೇಷ ಹಾಕಿದ್ದ, ಆದರೆ ಒಂದು ವಾರದ ನಂತರ, ರಾಜಧಾನಿ ಹತ್ತಿರದ ಗಾಚಿನಾ ಊರಲ್ಲಿ. ನರ್ಸ್ ಅಲ್ಲ, ನಾವಿಕನ ವೇಷ.

ದೊಡ್ಡಪ್ಪ: ನೋಡಿದಿರಾ! ವೇಷ ವೇಷವೇ 😄

ಲಾಯರ್ ಚಿಕ್ಕಪ್ಪ: ಸುಮ್ನೆ ಹಂಗಿಸಬೇಡಿ. ರಷ್ಯಾದ ದೊರೆ ತ್ಸಾರ್ ಕಾಲದಲ್ಲೇ ರಾಜಕೀಯ ಕೇಸುಗಳಲ್ಲಿ ಸಿಕ್ಕಿಬಿದ್ದವರ ಪರ ನಿಂತವನು. 1912ರಲ್ಲಿ ಸೈಬೀರಿಯಾದ ಲೇನಾ ಚಿನ್ನದ ಗಣಿಯಲ್ಲಿ ಮುಷ್ಕರ ಹೂಡಿದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ವಿಚಾರಿಸಲು ಅಷ್ಟು ದೂರ ಹೋದ ವಕೀಲರ ತಂಡಕ್ಕೆ ಇವನೇ ಮುಂದಾಳು. ಅದೇ ವರ್ಷ ಡೂಮಾಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಗೆದ್ದ. 1917ರಲ್ಲಿ ನ್ಯಾಯ ಮಂತ್ರಿಯಾದ ಕೆಲವೇ ದಿನಗಳಲ್ಲಿ ಗಲ್ಲು ಶಿಕ್ಷೆ ತೆಗೆಸಿದ.

ಟೀಚರ್ ಅತ್ತೆ: ತೆಗೆಸಿದ್ದು ಹೇಳಿದೆ, ಜುಲೈನಲ್ಲಿ ಯುದ್ಧದ ಮುಂಚೂಣಿಯಲ್ಲಿ ಮರಣದಂಡನೆ ವಾಪಸ್ ತಂದಿದ್ದು ಯಾಕೆ ಬಿಟ್ಟೆ? ಆಗ ಪ್ರಧಾನಿ ಅವನೇ ಅಲ್ವಾ? ಬಟ್ಟೆ ವಿಷಯ ಬಿಡಿ. ಜನ ಕೇಳಿದ್ದು ರೊಟ್ಟಿ, ಜಮೀನು, ಯುದ್ಧ ನಿಲ್ಲಿಸಿ ಅಂತ. ಇವನು ಯುದ್ಧ ಮಂತ್ರಿಯಾಗಿ ಊರೂರು ತಿರುಗಿ ಸೈನಿಕರಿಗೆ ಭಾಷಣ ಮಾಡಿದ. ಚಪ್ಪಾಳೆ ಜೋರಾಗಿ ಬಿತ್ತು. ಆ ಬೇಸಿಗೆಯ ದಾಳಿ ಮಾತ್ರ ಕೆಲವೇ ವಾರಗಳಲ್ಲಿ ಮಕಾಡೆ ಮಲಗಿತು. ಕಂದಕದಲ್ಲಿ ಕೂತವನು ಜಡ್ಜ್ ಅಲ್ಲವಲ್ಲ, ವಾದ ಕೇಳಿ ಒಪ್ಪೋಕೆ.

ಲಾಯರ್ ಚಿಕ್ಕಪ್ಪ: ಅದು ಒಪ್ಪಿದೆ ಅಕ್ಕಾ. ಆದರೆ ವಕೀಲಿಕೆ ಏನು ತಪ್ಪು ಮಾಡಿತು? ಓಡಿಸಿದ ಲೆನಿನ್ನೂ ವಕೀಲನೇ. ರಷ್ಯಾದ ಸಮಾರಾ ಊರಲ್ಲಿ ಪ್ರಾಕ್ಟೀಸ್ ಮಾಡಿದ್ದ.

ಟೀಚರ್ ಅತ್ತೆ: ಇಬ್ಬರೂ ಸಿಂಬಿರ್ಸ್ಕ್ ಊರಿನವರೇ. ಕೆರೆನ್ಸ್ಕಿಯ ಅಪ್ಪ ಲೆನಿನ್ ಓದಿದ ಶಾಲೆಯ ಹೆಡ್‌ಮಾಸ್ಟರ್. 1887ರಲ್ಲಿ ಲೆನಿನ್ ಅಣ್ಣನನ್ನು ಗಲ್ಲಿಗೇರಿಸಿದ್ದರು. ಅಂಥ ಮನೆಯ ಹುಡುಗನಿಗೂ ಆ ಹೆಡ್‌ಮಾಸ್ಟರ್ ಒಳ್ಳೆಯ ನಡತೆ ಪತ್ರ ಬರೆದುಕೊಟ್ಟರು. ಚಿನ್ನದ ಪದಕವೂ ತಪ್ಪಲಿಲ್ಲ.

ದೊಡ್ಡಪ್ಪ: ಹಾಗಾದರೆ ತಪ್ಪು ವಕೀಲರದ್ದಲ್ಲ, ಮೇಷ್ಟ್ರುಗಳದ್ದು!

ಟೀಚರ್ ಅತ್ತೆ: 😡

ಪುಟ್ಟಿ ಲಂಡನ್: ಕೆರೆನ್ಸ್ಕಿಯ ಸಮಾಧಿ ಇಲ್ಲೇ ಇದೆ, ಗೊತ್ತಾ? 1970ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅಲ್ಲಿನ ರಷ್ಯನ್ ಚರ್ಚಿನವರು ಮಣ್ಣು ಮಾಡಲು ಒಪ್ಪಲಿಲ್ಲ. ದೇಶ ಕಮ್ಯುನಿಸ್ಟರ ಪಾಲಾಗಿದ್ದು ಇವನಿಂದಲೇ ಅಂತ ಸಿಟ್ಟು. ಕೊನೆಗೆ ಲಂಡನ್ನಿಗೆ ತಂದು ಪಟ್ನಿ ವೇಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ನನ್ನ ಮನೆಯಿಂದ ಒಂದೇ ಬಸ್ಸು.

ಲಾಯರ್ ಚಿಕ್ಕಪ್ಪ: ಹೋದರೆ ನನ್ನ ಹೆಸರಲ್ಲಿ ಒಂದು ಹೂವು ಇಡಮ್ಮ.

ದೊಡ್ಡಪ್ಪ: ಆ ನಾವಿಕನ ವೇಷದ ಫೋಟೋ ಎಲ್ಲಾದರೂ ಸಿಕ್ಕರೆ ಇಲ್ಲಿ ಹಾಕು ಪುಟ್ಟಿ.