ಎಫ್‌ಎಂ2 ಕ್ಯಾಮೆರಾಕ್ಕೆ 28 ಎಂ.ಎಂ. ಲೆನ್ಸ್: ಎಫ್/2 ಬೇಕೇ, ಎಫ್/2.8 ಸಾಕೇ?

ಕಂಬದ ಮರೆ:
ನನ್ನಲ್ಲಿರುವುದು ನಿಕಾನ್ ಎಫ್‌ಎಂ2 ಮತ್ತು 50 ಎಂ.ಎಂ. ಎಫ್/1.8 ಲೆನ್ಸ್ ಮಾತ್ರ. ಕಳೆದ ತಿಂಗಳು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ (ಒಳಗಿನ ಕಂಬಗಳ ಮಂಟಪದಲ್ಲಿ), ಜಾಲಂಧ್ರಗಳಿಂದ (ಕಲ್ಲಿನ ಜಾಲರಿ ಕಿಟಕಿಗಳಿಂದ) ಸೋಸಿ ಬರುವ ಬೆಳಕಿನಲ್ಲಿ, ಕಂಬಗಳನ್ನೂ ಮೇಲಿನ ಭುವನೇಶ್ವರಿಯನ್ನೂ (ಛತ್ತಿನ ಕೆತ್ತನೆಯನ್ನೂ) ಒಂದೇ ಚೌಕಟ್ಟಿಗೆ ತರಲು ಎಷ್ಟು ಹಿಂದೆ ಸರಿದರೂ ಸಾಧ್ಯವಾಗಲಿಲ್ಲ. ಟ್ರೈಪಾಡ್ ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕಾದ್ದರಿಂದ 400 ಐಎಸ್‌ಒ ವೇಗದ ಕಪ್ಪು-ಬಿಳುಪು ಫಿಲಂ ಹಾಕಿ ಕೈಯಲ್ಲಿ ಹಿಡಿದೇ ತೆಗೆಯಬೇಕು. ಹೊರೆಯಾಗದ, ಆದರೆ ಮಂದ ಬೆಳಕಿಗೆ ಒದಗುವ 28 ಎಂ.ಎಂ. ಲೆನ್ಸ್ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಹಳೇ ರೀಲು:
ನಿಕಾನ್‌ನದೇ ಎಐ-ಎಸ್ ಸರಣಿಯ 28 ಎಂ.ಎಂ. ಎಫ್/2.8 ನಿಕ್ಕೋರ್ ಲೆನ್ಸ್ ಕೊಳ್ಳಿ. ಅದರ ತೂಕ ಸುಮಾರು 250 ಗ್ರಾಂ, 20 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ. ನಿಮ್ಮ 50ರ 52 ಎಂ.ಎಂ. ಫಿಲ್ಟರೇ ಇದಕ್ಕೂ ಹೊಂದುತ್ತದೆ. ಕನ್ನಡಿಗೆ ಜಾಗ ಬಿಡಬೇಕಾದ್ದರಿಂದ ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನ ಮೌಂಟಿಗೂ ಫಿಲಂಗೂ ನಡುವೆ 46.5 ಎಂ.ಎಂ. ಅಂತರವಿದೆ. ಹೀಗಾಗಿ 28ರ ಲೆನ್ಸನ್ನು ರೆಟ್ರೋಫೋಕಸ್ ವಿನ್ಯಾಸದಲ್ಲೇ (ಫಿಲಂನಿಂದ ದೂರವಿದ್ದೂ ಅಗಲ ನೋಟ ಕೊಡುವಂತೆ) ಕಟ್ಟಬೇಕಾಗುತ್ತದೆ, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಹಿಗ್ಗಿಸಿದಷ್ಟೂ ಗಾಜು ಹೆಚ್ಚುತ್ತದೆ. ಎಫ್/2ಕ್ಕೂ ಎಫ್/2.8ಕ್ಕೂ ಇರುವುದು ಒಂದೇ ಸ್ಟಾಪ್, ಅಂದರೆ ಎಫ್/2ರಲ್ಲಿ ಎರಡು ಪಟ್ಟು ಬೆಳಕು. ಫಿಲಂ ಅನ್ನು 800ಕ್ಕೆ ಪುಷ್ ಮಾಡಿದರೆ (800ರದೆಂದೇ ಎಣಿಸಿ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿದರೆ) ಆ ಕೊರತೆ ತುಂಬಿಹೋಗುತ್ತದೆ.

ನೆರಳುಬೆಳಕು:
ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಪುಷ್ ಮಾಡಿದಾಗ ಏರುವುದು ಮುಖ್ಯವಾಗಿ ಕಾಂಟ್ರಾಸ್ಟ್. ಬೆಳಕೇ ತಾಗದ ನೆರಳಿನಲ್ಲಿ ವಿವರ ಹುಟ್ಟುವುದಿಲ್ಲ. ಜಾಲಂಧ್ರ ಬೆಳ್ಳಗೆ ಹೊಳೆದು ಕಂಬದ ಕೆತ್ತನೆ ಮಸಿಯಾದರೆ ಬೇಲೂರಿಗೆ ಹೋಗಿ ಫಲವೇನು? 28 ಎಂ.ಎಂ. ಎಫ್/2 ಸುಮಾರು 360 ಗ್ರಾಂ ತೂಗಿದರೂ ಅದಕ್ಕೂ 52 ಎಂ.ಎಂ. ಫಿಲ್ಟರೇ ಸಾಕು, ವ್ಯೂಫೈಂಡರ್ ಕೂಡ ಹೆಚ್ಚು ಬೆಳಗಿರುವುದರಿಂದ ಕತ್ತಲಲ್ಲಿ ಫೋಕಸ್ ಕೂರಿಸಲು ಹೆಣಗಬೇಕಾಗಿಲ್ಲ. ಆದರೆ ಮೂರು ಮೀಟರಿಗೆ ಫೋಕಸ್ ಮಾಡಿ ಎಫ್/2ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವುದು ಸುಮಾರು 2.4ರಿಂದ 3.9 ಮೀಟರಿನವರೆಗೆ ಮಾತ್ರ. ಕಂಬವೂ ಛತ್ತೂ ಎರಡೂ ಚೂಪಾಗಬೇಕೆಂಬ ಹಟ ಬಿಡಬೇಕು.

ಹಳೇ ರೀಲು:
ನೆರಳಿನ ವಿಷಯದಲ್ಲಿ ತಾವು ಹೇಳಿದ್ದು ಸರಿ. ಆದರೂ 28 ಎಂ.ಎಂ. ಲೆನ್ಸನ್ನು ಗೋಡೆಗೋ ಕಂಬಕ್ಕೋ ಭುಜ ಆನಿಸಿ 1/15 ಸೆಕೆಂಡಿನಲ್ಲಿ ಹಿಡಿಯಬಹುದೆಂಬುದು ನನ್ನ ಅನುಭವ, ಅಲುಗಾಡದ ವಿಗ್ರಹಗಳಿಗೆ ಅಷ್ಟು ಸಾಕು.

ಡಾರ್ಕ್‌ರೂಮ್ ಬೆಕ್ಕು:
ಯಾವುದನ್ನೇ ಕೊಂಡರೂ ಒಂದನ್ನು ಮರೆಯಬೇಡಿ. 1977ಕ್ಕಿಂತ ಹಿಂದಿನ, ಎಐಗೆ (ಅಪರ್ಚರನ್ನು ಕ್ಯಾಮೆರಾದ ಮೀಟರಿಗೆ ತಿಳಿಸುವ ನಿಕಾನ್ ವ್ಯವಸ್ಥೆಗೆ) ಮಾರ್ಪಡಿಸದ ಲೆನ್ಸನ್ನು ಎಫ್‌ಎಂ2ಗೆ ಹಾಕಬಾರದು. ಹಳೆಯ ಎಫ್‌ಎಂನಲ್ಲಿ ಮೀಟರಿನ ಸನ್ನೆಯನ್ನು ಮಡಚಬಹುದಿತ್ತು, ಇದರಲ್ಲಿ ಆ ಅನುಕೂಲವಿಲ್ಲ. ಎಐ ಲೆನ್ಸೇ ಎಂದು ತಿಳಿಯಲು ಅಪರ್ಚರ್ ಉಂಗುರದ ಮೇಲೆ ಸಣ್ಣ ಅಂಕಿಗಳ ಎರಡನೆಯ ಸಾಲು ಇದೆಯೇ ನೋಡಿ. ಸೆಕೆಂಡ್‌ಹ್ಯಾಂಡ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ಹುಡುಕಿ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಮಳೆಗಾಲ ಕಂಡ ಲೆನ್ಸಾದರೆ ಎರಡು ಸಲ ಹುಡುಕಿ.

ಕಂಬದ ಮರೆ:
ಎಲ್ಲರಿಗೂ ವಂದನೆಗಳು. ಪರಿಚಯದ ಅಂಗಡಿಯವರ ಬಳಿ ಎಫ್/2 ಒಂದಿದೆ, ಆದರೆ ಎರಡನೆಯ ಸಾಲಿನ ಅಂಕಿಗಳನ್ನು ನಾನು ಗಮನಿಸಿರಲಿಲ್ಲ. ಶನಿವಾರ ಟಾರ್ಚ್ ಹಿಡಿದೇ ಹೋಗುತ್ತೇನೆ.