ಗಾಣದ ಎಣ್ಣೆ ಲೋಗೋಗೆ ಯಾವ ಬಣ್ಣ? ಮನೆಯಲ್ಲಿ ಮೂರು ಪಾರ್ಟಿ ಆಗಿದೆ

ಗಾಣದಮನೆ:
ಎಲ್ಲರಿಗೂ ನಮಸ್ಕಾರ. ನಾನು, ನಮ್ಮಣ್ಣ ಸೇರಿ ಚಳ್ಳಕೆರೆ ಹತ್ತಿರ ಮರದ ಗಾಣ ಹಾಕಿದ್ದೇವೆ. ಸದ್ಯಕ್ಕೆ ಶೇಂಗಾ, ಕೊಬ್ಬರಿ, ಎಳ್ಳು, ಮೂರೇ ಎಣ್ಣೆ. ಇಷ್ಟು ದಿನ ಜನ ಕ್ಯಾನ್ ತಂದು ತುಂಬಿಸಿಕೊಂಡು ಹೋಗುತ್ತಿದ್ದರು, ಈಗ ಬಾಟಲಿಗೆ ಹಾಕಿ ಅಂಗಡಿಗಳಿಗೆ ಕೊಡೋಣ ಅಂತ ಹೊರಟಿದ್ದೇವೆ. ಲೋಗೋ ಚಿತ್ರ ಮುಗಿದಿದೆ: ಗಾಣ, ಪಕ್ಕದಲ್ಲಿ ಒಂದು ಹನಿ. ಜಗಳ ಇರುವುದು ಬಣ್ಣದ್ದು.

ಡಿಸೈನ್ ಹುಡುಗ ಮೂರು ಥರ ಕಳಿಸಿದ್ದಾನೆ. ಒಂದು ಹಸಿರು-ಕಂದು, "ನ್ಯಾಚುರಲ್ ಅಂದ್ರೆ ಹಸಿರೇ ಸಾರ್" ಅಂತಾನೆ. ಇನ್ನೊಂದು ಕಪ್ಪಿನ ಮೇಲೆ ಚಿನ್ನ. ಅಣ್ಣನಿಗೆ ಅದೇ ಬೇಕು, ನೋಡಿದ ತಕ್ಷಣ ದುಬಾರಿ ಮಾಲು ಅನ್ನಿಸಬೇಕಂತೆ. ಮೂರನೆಯದು ಅರಿಶಿನ-ಕುಂಕುಮ, ಅಪ್ಪಾಜಿ ಪಾರ್ಟಿ. "ನಮ್ಮ ಬಾವುಟದ ಬಣ್ಣ ಇರುವಾಗ ಬೇರೆ ಯಾಕೋ" ಅಂತಾರೆ. ಫೋನಿನಲ್ಲಿ ನೋಡಿದರೆ ನನಗೆ ಮೂರೂ ಚೆನ್ನಾಗೇ ಕಾಣುತ್ತವೆ, ಅದೇ ತಲೆನೋವು. ಮುಂದಿನ ವಾರ ಲೇಬಲ್ ಪ್ರಿಂಟಿಗೆ ಕೊಡಬೇಕು. ನೀವಾಗಿದ್ದರೆ ಹೇಗೆ ಆರಿಸುತ್ತಿದ್ದಿರಿ?

ಪ್ರೆಸ್‌ಮಾಮ:
ಮೊದಲು ಫೋನ್ ಕೆಳಗಿಡಿ. ಫೋನು ಬೆಳಕಿನಿಂದ ಬಣ್ಣ ತೋರಿಸುತ್ತದೆ, ನಾವು ಮಸಿಯಿಂದ ತೋರಿಸಬೇಕು. ಸಯಾನ್ (ಒಂದು ಥರ ತಿಳಿನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು, ಈ ನಾಲ್ಕರಲ್ಲೇ ನಿಮ್ಮ ಪ್ರಪಂಚವೆಲ್ಲ ಬರಬೇಕು. ಪರದೆ ಮೇಲೆ ಹೊಳೆಯುವ ಗಿಳಿಹಸಿರು ಕಾಗದಕ್ಕೆ ಇಳಿದಾಗ ಮಂಕಾಗುತ್ತದೆ, ಆಮೇಲೆ "ನೀವು ಬಣ್ಣ ಕೆಡಿಸಿದ್ರಿ" ಅಂತ ನಮ್ಮ ಮೇಲೆ ಬರುತ್ತಾರೆ.

ಅಣ್ಣನ ಚಿನ್ನದ ಬಗ್ಗೆ ಒಂದು ಮಾತು. ನಾಲ್ಕು ಬಣ್ಣದ ಪ್ರಿಂಟಿನಲ್ಲಿ ಚಿನ್ನ ಅಂತ ಒಂದು ಬಣ್ಣವೇ ಇಲ್ಲ. ಬರುವುದು ಸಾಸಿವೆ ಅರೆದು ಬಳಿದ ಹಾಗೆ. ಹೊಳಪು ಬೇಕಂದರೆ ಫಾಯಿಲ್ (ಹೊಳೆಯುವ ತೆಳು ಹಾಳೆ ಒತ್ತುವುದು) ಅಥವಾ ಮೆಟಾಲಿಕ್ ಮಸಿ, ಅದಕ್ಕೆ ಬೇರೆ ದುಡ್ಡು. ಪ್ರತಿ ಸಲ ಅದೇ ಬಣ್ಣ ಬರಬೇಕು ಅನ್ನುವವರು ಪ್ಯಾಂಟೋನ್ ನಂಬರ್ (ಪ್ಯಾಂಟೋನ್ ಕಂಪನಿ ಒಂದೊಂದು ಬಣ್ಣಕ್ಕೂ ಕೊಟ್ಟಿರುವ ನಂಬರ್) ಕೊಡುತ್ತಾರೆ, ನಾವು ಆ ಮಸಿಯನ್ನೇ ಬೆರೆಸಿ ಹಾಕುತ್ತೇವೆ. ಒಡವೆ ಮಾರುವ ಟಿಫಾನಿ ಕಂಪನಿ ತನ್ನ ನೀಲಿಗೆ ಪ್ಯಾಂಟೋನ್ 1837 ಅಂತ ನಂಬರ್ ಮಾಡಿಸಿಕೊಂಡಿದೆ, ಅದು ಕಂಪನಿ ಶುರುವಾದ ವರ್ಷ. ನಿಮಗೆ ಅಷ್ಟೆಲ್ಲ ಬೇಡ. ಒಂದು ಮುಖ್ಯ ಬಣ್ಣಕ್ಕೆ ನಂಬರ್ ಹಿಡಿದಿಟ್ಟುಕೊಂಡರೆ ಸಾಕು.

ಇನ್ನೊಂದು, ಬಿಸಿಲು. ಹಳೇ ಪೋಸ್ಟರುಗಳು ಕೊನೆಗೆ ನೀಲಿಗೆ ತಿರುಗಿರುವುದನ್ನು ನೋಡಿದ್ದೀರಲ್ವಾ? ಮಜೆಂಟಾ, ಹಳದಿ ಮೊದಲು ಹಾರಿಹೋಗುತ್ತವೆ. ಅಪ್ಪಾಜಿಯವರ ಬಣ್ಣದಲ್ಲಿ ಇರುವುದೇ ಅವೆರಡು, ಕುಂಕುಮದ ಕೆಂಪೂ ಅವನ್ನು ಬೆರೆಸಿಯೇ ಬರುವುದು.

ಉಪ್ಪಿನಕಾಯಿಅಕ್ಕ:
ನಾನು ಕಡುಹಸಿರು ಲೇಬಲ್ ಮೇಲೆ ಕಡುಗೆಂಪು ಅಕ್ಷರ ಹಾಕಿಸಿ ಎರಡು ಸಾವಿರ ಲೇಬಲ್ ಮೂಲೆಗೆ ಎಸೆದವಳು. ಎದುರಿಗೆ ಹಿಡಿದು ನೋಡಿದಾಗ ಹಬ್ಬದ ಹಾಗಿತ್ತು. ಅಂಗಡಿಯವರು ಫೋನ್ ಮಾಡಿ "ಅಕ್ಕಾ, ಇದು ಮಾವೋ ನಿಂಬೆಯೋ, ಓದೋಕೇ ಆಗ್ತಿಲ್ಲ" ಅಂದರು. ಮಗಳು ಅದೇ ಲೇಬಲಿನ ಫೋಟೋ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ ತೋರಿಸಿದಳು. ಅಕ್ಷರವೇ ಇಲ್ಲ! ಪೂರ್ತಿ ಒಂದೇ ಬೂದಿ. ಬಣ್ಣ ಬೇರೆಯಾದರೂ ಎರಡರ ಗಾಢತೆ ಒಂದೇ ಆಗಿತ್ತು. ಈಗ ಏನೇ ಮಾಡಿಸಿದರೂ ಮೊದಲು ಬಣ್ಣ ತೆಗೆದು ನೋಡುತ್ತೇನೆ.

ಕೆಂಪು-ಹಸಿರು ಬೇರೆ ಬೇರೆ ಅಂತ ಗೊತ್ತಾಗದವರೂ ಇರುತ್ತಾರೆ, ಗಂಡಸರಲ್ಲೇ ಜಾಸ್ತಿ. ಪ್ಯಾಕೆಟ್ ಮೇಲಿನ ಮಾಂಸಾಹಾರದ ಗುರುತು ಮೊದಲು ಕಂದು ಚುಕ್ಕೆ ಇತ್ತು, ಈಗ ಕಂದು ತ್ರಿಕೋನ ಆಗಿದೆ, ಆಕಾರ ನೋಡಿಯಾದರೂ ತಿಳಿಯಲಿ ಅಂತ. ನಿಮ್ಮ ಲೇಬಲಿಗೂ ಸಸ್ಯಾಹಾರದ ಹಸಿರು ಗುರುತು ಬೇಕೇ ಬೇಕು. ಹಿಂದೆ ಹಸಿರೇ ಇದ್ದರೆ ಅದು ಮುಳುಗಿಹೋಗುತ್ತದೆ, ಬಿಳಿ ಜಾಗ ಬಿಡಿ.

ರಂಗಿನಪೆಟ್ಟಿಗೆ:
ಹತ್ತು ವರ್ಷದಿಂದ ಇದೇ ಕೆಲಸ ನನ್ನದು. ಮೂರೂ ಪಾರ್ಟಿಯವರು ಮರೆತಿರುವ ಒಂದು ಬಣ್ಣ ಇದೆ, ಅದು ಎಣ್ಣೆಯದು. ಬಾಟಲಿ ಪಾರದರ್ಶಕ ತಾನೇ? ಹಾಗಾದರೆ ಮುಕ್ಕಾಲು ಭಾಗ ಬಣ್ಣವನ್ನು ನೀವು ಆರಿಸುವ ಹಾಗೇ ಇಲ್ಲ. ಶೇಂಗಾ ತಿಳಿಹಳದಿ, ಎಳ್ಳು ಇನ್ನೂ ಗಾಢ, ಕೊಬ್ಬರಿ ನೀರಿನ ಹಾಗೆ. ಅದರ ಪಕ್ಕ ನಿಲ್ಲುವ ಬಣ್ಣ ಬೇಕು. ಕೊಬ್ಬರಿ ಎಣ್ಣೆ ಇಪ್ಪತ್ತನಾಲ್ಕು ಡಿಗ್ರಿ ಆಸುಪಾಸಿಗೆ ಇಳಿದರೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ, ಡಿಸೆಂಬರ್ ಬೆಳಗ್ಗೆ ನೀವೇ ನೋಡಿರುತ್ತೀರಿ. ಪಾರದರ್ಶಕ ಸ್ಟಿಕ್ಕರ್ ಮೇಲೆ ಬಿಳಿ ಅಕ್ಷರ ಹಾಕಿಸಿದ್ದರೆ ಅವತ್ತು ನಿಮ್ಮ ಹೆಸರೇ ಮಾಯ.

ಹಸಿರು ಅಂದರೆ ನ್ಯಾಚುರಲ್ ಅನ್ನುವುದು ಸುಳ್ಳಲ್ಲ, ಆದರೆ ಎಲ್ಲರಿಗೂ ಅದೇ ಹೊಳೆದಿದೆ. ಆರ್ಗ್ಯಾನಿಕ್ ರ‍್ಯಾಕ್ ಮುಂದೆ ನಿಂತು ನೋಡಿ, ಹಸಿರು ತೋಟದಲ್ಲಿ ಹಸಿರು ಗಿಳಿ. ಬಣ್ಣಕ್ಕೆ ಅರ್ಥ ಹುಡುಕುವುದಕ್ಕಿಂತ ಪಕ್ಕದ ಬಾಟಲಿ ಯಾವ ಬಣ್ಣ ಅಂತ ನೋಡುವುದು ಉಪಯೋಗ.

ಲೋಗೋಗೆ ಒಂದೇ ಬಣ್ಣ ಇಟ್ಟುಕೊಳ್ಳಿ. ಬಟ್ಟೆ ಚೀಲ, ರಟ್ಟಿನ ಡಬ್ಬ, ಬಿಲ್ ಬುಕ್ಕಿನ ಸೀಲು, ಎಲ್ಲಕ್ಕೂ ಅದೇ ಹೋಗಬೇಕು, ಸ್ಕ್ರೀನ್ ಪ್ರಿಂಟಿನವರು ಒಂದೊಂದು ಬಣ್ಣಕ್ಕೂ ಬೇರೆ ಚಾರ್ಜ್ ಹಾಕುತ್ತಾರೆ. ಮೂರು ಎಣ್ಣೆಗೆ ಮೂರು ಬಣ್ಣದ ಪಟ್ಟಿ ಮಾತ್ರ ಬದಲಾಗಲಿ. ಹಾಲಿನ ಬೂತಿನಲ್ಲಿ "ನೀಲಿ ಪ್ಯಾಕೆಟ್ ಎರಡು" ಅಂತ ಕೇಳುತ್ತೇವಲ್ಲ, ಹಾಗೆ ಪಟ್ಟಿ ನೋಡಿ ಕೇಳುವಂತಾಗಬೇಕು.

ಟ್ರೇಡ್‌ಮಾರ್ಕ್ ಮಾಡಿಸುವಾಗ ಕಪ್ಪು-ಬಿಳುಪಿನಲ್ಲಿ ಅರ್ಜಿ ಹಾಕಿ. 1999ರ ಕಾಯ್ದೆಯಲ್ಲಿ ಬಣ್ಣದ ಮಿತಿ ಹಾಕದ ಗುರುತು ಎಲ್ಲ ಬಣ್ಣಕ್ಕೂ ನೋಂದಣಿ ಆದ ಹಾಗೆ. ಬಣ್ಣದ ಜೋಡಿಯೂ ಸಣ್ಣ ವಿಷಯ ಅಲ್ಲ, ಹಲ್ಲುಪುಡಿ ಡಬ್ಬದ ಕೆಂಪು-ಬಿಳಿಗಾಗಿ ಕೋಲ್ಗೇಟ್ ಮತ್ತು ಆಂಕರ್ ದೆಹಲಿ ಹೈಕೋರ್ಟಿನಲ್ಲಿ ಗುದ್ದಾಡಿದ್ದವು, 2003ರಲ್ಲಿ ಕೋಲ್ಗೇಟ್ ಪರ ಆದೇಶ ಬಂತು.

ಈಗ ಮಾಡಬೇಕಾದ ಕೆಲಸ: ಮೂರನ್ನೂ ಪ್ರಿಂಟ್ ತೆಗೆಸಿ, ಎಣ್ಣೆ ತುಂಬಿದ ಬಾಟಲಿಗೇ ಅಂಟಿಸಿ, ಗೊತ್ತಿರುವ ಅಂಗಡಿಯ ರ‍್ಯಾಕಿನಲ್ಲಿಟ್ಟು ಬಾಗಿಲಿಂದ ನೋಡಿ. ಡಿಸೈನರ್ ಮಾತೂ ಬೇಡ, ನನ್ನ ಮಾತೂ ಬೇಡ.

ಗಾಣದಮನೆ:
ಮಾಡಿದ್ವಿ! ಮೂರು ಬಾಟಲಿ ಇಟ್ಟು ನಾನು, ಅಣ್ಣ ರಸ್ತೆ ಈಚೆ ನಿಂತೆವು. ಹಸಿರು ಎಲ್ಲಿದೆ ಅಂತ ಹುಡುಕಬೇಕಾಯಿತು. ಕಪ್ಪು-ಚಿನ್ನ ಚೆನ್ನಾಗಿ ಕಾಣುತ್ತಿತ್ತು, ಆದರೆ ಅಂಗಡಿಗೆ ಬಂದ ಹೆಂಗಸು ಎತ್ತಿಕೊಂಡು "ಇದು ತಲೆಗೆ ಹಚ್ಚೋದಾ?" ಅಂತ ಕೇಳಿದರು. ಅಣ್ಣ ಅವತ್ತಿನಿಂದ ಚಿನ್ನದ ಮಾತೆತ್ತಿಲ್ಲ. ಅರಿಶಿನ-ಕುಂಕುಮದ್ದು ದೂರಕ್ಕೆ ಕೆಂಪು ಮಾತ್ರ ಕಂಡಿತು, ಹಳದಿ ಶೇಂಗಾ ಎಣ್ಣೆಯೊಳಗೆ ಕರಗಿ ಹೋಗಿತ್ತು. ಹಾಗಾಗಿ ಬಿಳಿ ಲೇಬಲ್ ಮೇಲೆ ಕುಂಕುಮ ಬಣ್ಣದ ಲೋಗೋ ಮಾತ್ರ ಅಂತ ತೀರ್ಮಾನ ಆಯಿತು. ಅಪ್ಪಾಜಿ "ಅರಿಶಿನ ಎಲ್ಲೋ?" ಅಂದರು. "ಬಾಟಲಿ ಒಳಗಿದೆ" ಅಂದೆ, ನಕ್ಕರು.

ಪ್ರೆಸ್‌ಮಾಮ ಅವರೇ, ಬಿಸಿಲಿಗೆ ಏನು ಮಾಡೋದು?

ಪ್ರೆಸ್‌ಮಾಮ:
ಲ್ಯಾಮಿನೇಷನ್ ಮಾಡಿಸಿ, ಸ್ವಲ್ಪ ತಡೆಯುತ್ತದೆ. ಅದಕ್ಕಿಂತ ಅಂಗಡಿಯವರಿಗೆ ನೆರಳಿನಲ್ಲಿಡಿ ಅಂತ ಹೇಳಿ, ಬಿಸಿಲಿಗೆ ಇಟ್ಟರೆ ಲೇಬಲಿಗೆ ಮುಂಚೆ ಎಣ್ಣೆ ಕಮಟು ಹಿಡಿಯುತ್ತದೆ. ಆಮೇಲೆ ಕುಂಕುಮ ಅಂದರೆ ನನ್ನ ಹತ್ತಿರ ಹತ್ತು ಕೆಂಪು ಇವೆ. ಮನೆಯ ಕುಂಕುಮ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ನಿಮ್ಮ ಪ್ರೆಸ್ಸಿನವರಿಗೆ ಕೊಡಿ, ಪ್ಯಾಂಟೋನ್ ಪುಸ್ತಕದ ಪಕ್ಕ ಹಿಡಿದು ನಂಬರ್ ಹೇಳುತ್ತಾರೆ.