ಗುದ್ದಲಿ ಕಾವು ಪದೇಪದೇ ಸಡಿಲ ಆಗ್ತಿದೆ, ಏನು ಮಾಡೋದು?

ಆಲೂರು ಶುಂಠಿ:
ನಮಸ್ಕಾರ. ಗುದ್ದಲಿಗೆ ಸಿಲ್ವರ್ ಓಕಿನ ಹೊಸ ಕಾವು ಹಾಕ್ಸಿದೀನಿ. ಶುಂಠಿ ಮಡಿ ಏರಿಸುವಾಗ ಮಧ್ಯಾಹ್ನಕ್ಕೆಲ್ಲ ತಲೆ ಅಲ್ಲಾಡುತ್ತೆ. ರಾತ್ರಿ ನೀರಲ್ಲಿ ನೆನೆಸಿಟ್ರೆ ಬೆಳಿಗ್ಗೆ ಬಿಗಿ, ಬಿಸಿಲೇರಿದ ಮೇಲೆ ಮತ್ತೆ ಅದೇ ಕತೆ. ಮೊಳೆ ಹೊಡೆದ್ರೆ ನಿಲ್ಲುತ್ತಾ? ಪಿಕಾಸಿ ಕಣ್ಣಲ್ಲೂ (ಕಾವು ತೂರಿಸೋ ತೂತು) ಮುರಿದ ತುಂಡು ಸಿಕ್ಕಾಕೊಂಡಿದೆ. ಸುಟ್ಟು ತೆಗೀಬಹುದಾ?

ಮೂಡಿಗೆರೆ ತೋಟ:
ಬೆಂಕಿಗೆ ಮಾತ್ರ ಹಾಕ್ಬೇಡಿ ಮಾರಾಯ್ರೆ! ಕುಲುಮೆಯಲ್ಲಿ ಕೊಟ್ಟ ಹದ ಹೋಗುತ್ತೆ, ಆಮೇಲೆ ಕಲ್ಲಿಗೆ ತಾಗಿದ್ರೆ ಮೊನೆ ಮಡಚಿಕೊಳ್ಳುತ್ತೆ. ತುಂಡಿಗೆ ಡ್ರಿಲ್ಲಿನಲ್ಲಿ ತೂತು ಹೊಡೆದು ಸಡಿಲ ಮಾಡಿ. ಪಿಕಾಸಿ ಕಣ್ಣು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಕಿರಿದಾದ ಕಡೆಯಿಂದಲೇ ಬಡೀರಿ, ಇಲ್ಲಾಂದ್ರೆ ಇನ್ನೂ ಬಿಗಿಯಾಗುತ್ತೆ.

ಗುದ್ದಲಿಗೆ ನೀರೇ ರೋಗ. ಮರ ನೀರು ಕುಡಿದು ಉಬ್ಬುತ್ತೆ, ಕಬ್ಬಿಣ ಜಾಗ ಕೊಡಲ್ಲ, ಒಳಗಿನ ನಾರು ನಜ್ಜಾಗುತ್ತೆ. ಒಣಗಿದಾಗ ಮೊದಲಿಗಿಂತ ಸಣ್ಣ! ದಿನಾ ನೆನೆಸಿದಷ್ಟೂ ಕೆಡುತ್ತೆ. ಸಿಲ್ವರ್ ಓಕು ಮೆಣಸಿನ ಬಳ್ಳಿ ಹಬ್ಬಿಸೋಕೆ ಚೆಂದ, ಕಾವಿಗಲ್ಲ. ತಡಸಲು ಮರ ಸಿಕ್ರೆ ಬಿಡ್ಬೇಡಿ, ಏಟು ತಿಂದ್ರೂ ಬಾಗುತ್ತೆ, ಸುಲಭಕ್ಕೆ ಮುರಿಯಲ್ಲ. ಸೀಬೆ ಕೊಂಬೆಯೂ ಆಗುತ್ತೆ. ಗಂಟಿರಬಾರದು, ನಾರು ಉದ್ದಕ್ಕೆ ನೇರ ಓಡಿರಬೇಕು. ಹಸಿ ಕೊಂಬೆಯನ್ನು ಕಡಿದ ಕೂಡಲೇ ಕೂರಿಸೋ ಆತುರ ಬೇಡ, ನೆರಳಲ್ಲಿ ತಿಂಗಳುಗಟ್ಟಲೆ ಒಣಗಲಿ.

ಆಲೂರು ಶುಂಠಿ:
ಅಯ್ಯೋ, ಅಷ್ಟು ದಿನ ಮಡಿ ಕಾಯಲ್ಲ ಸರ್. ಈಗಿರೋ ಕಾವಲ್ಲೇ ಸದ್ಯಕ್ಕೆ ಏನಾದ್ರೂ?

ಬೇಲೂರು ಬಡಗಿ:
ತಲೆ ಬಿಚ್ಚಿ, ಕಾವು ಪೂರ್ತಿ ಒಣಗಿಸಿ. ನಜ್ಜಾದಷ್ಟು ಭಾಗ ಕತ್ತರಿಸಿ ಹೊಸ ತುದಿ ಕೆತ್ತಿ. ಕಣ್ಣೊಳಗೆ ಹೋಗೋ ಉದ್ದದ ಮೂರರಲ್ಲಿ ಎರಡು ಪಾಲು ಆಳಕ್ಕೆ ಗರಗಸದ ಸೀಳು ಹಾಕಿ. ಆಮೇಲೆ ತಲೆ ಸಿಕ್ಕಿಸಿ, ಅದು ಕೆಳಗೆ ನೇತಾಡೋ ಹಾಗೆ ಕಾವು ಹಿಡಿದು, ಮೇಲಿನ ತುದಿಗೆ ಕೊಡತಿಯಲ್ಲಿ ಬಡೀರಿ. ತಲೆ ತಾನಾಗೇ ಕಾವಿನ ಮೇಲೇರಿ ಕೂರುತ್ತೆ. ಮಂಗನ ಆಟ ಅನ್ನಿಸಬಹುದು, ಮಾಡಿ ನೋಡಿ. ಕೊನೆಗೆ ಸೀಳಿಗೆ ಒಣಗಿದ ಗಟ್ಟಿ ಮರದ ಬೆಣೆ. ಮೊಳೆ ಬೇಡ, ಮರ ಸೀಳುತ್ತೆ.

ಪಿಕಾಸಿಗೆ ಬೆಣೆ ಬೇಕಾಗಲ್ಲ. ಅದರ ಕಾವಿನ ಒಂದು ತುದಿ ದಪ್ಪ ಇರುತ್ತೆ. ಸಣ್ಣ ತುದಿಯನ್ನ ಅಗಲದ ಕಡೆಯಿಂದ ತೂರಿಸಿ ಎಳೆದರೆ ದಪ್ಪ ತುದಿ ಕಣ್ಣಲ್ಲಿ ಕಚ್ಚಿಕೊಳ್ಳುತ್ತೆ. ಬೀಸಿದಷ್ಟೂ ಬಿಗಿ.

ಆಲೂರು ಶುಂಠಿ:
ಪಿಕಾಸಿ ತುಂಡು ಬಂತು ಸರ್, ಕಿರಿದಾದ ಕಡೆಯಿಂದ ಬಡಿದಿದ್ದೇ ಸರಿಯಾಯ್ತು. ಗುದ್ದಲಿ ಕಾವು ಬಿಸಿಲಿಗಿಟ್ಟಿದೀನಿ. ವಾರ್ನಿಷ್ ಹೊಡೀಲಾ?

ಬೇಲೂರು ಬಡಗಿ:
ಬೇಡ, ಬೆವರಿದ ಕೈಯಲ್ಲಿ ಜಾರುತ್ತೆ. ಅಗಸೆ ಎಣ್ಣೆ ಸವರಿ. ಮತ್ತೆ ಕಾವನ್ನ ಬಿಸಿಲಿಂದ ಎತ್ತಿ ನೆರಳಿಗಿಡಿ, ಬಿರುಕು ಬಿಟ್ಟೀತು.